ಹಂಚಿಕೊಂಡ ಎಣ್ಣೆ

ನನ್ನ ಹೆಂಡತಿಯದು ಬಂಗಾರದಂಥ ಮನಸ್ಸು ಎಂದು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಮನಸ್ಸೇ ನಮ್ಮ ಮನೆ ಹಾಳು ಮಾಡಿದ್ದು.

ಮಗಳಿಗೆ ಎಳೆತನದಿಂದಲೂ ಫಿಟ್ಸ್. ಯಾವ ಮಾತ್ರೆಗೂ ಜಗ್ಗದ್ದು. ನನ್ನ ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚುವಾಗ ಫೋನು ಬಡಿದುಕೊಂಡರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ಗಾಂಜಾ ಗಿಡದಿಂದ ತೆಗೆದ ಎಣ್ಣೆಯೊಂದರ ಪರೀಕ್ಷೆಗೆ ಅವಳನ್ನು ಸೇರಿಸಿಕೊಂಡರು. ಮೊಮ್ಮಗಳಿಗೆ ಗಾಂಜಾ ಕುಡಿಸುತ್ತೀರಾ ಎಂದು ನನ್ನಮ್ಮ ಹಣೆ ಚಚ್ಚಿಕೊಂಡಳು. ಅಮಲೇರಿಸುವ ಅಂಶ ತೆಗೆದಿದ್ದಾರಮ್ಮ ಎಂದೆ. ಅದೂ ಇಲ್ಲದ ಮೇಲೆ ಯಾತಕ್ಕೆ ಬಂತು ಎಂದಳು.

ಅರ್ಧ ಮಕ್ಕಳ ಬಾಟಲಿಯಲ್ಲಿ ಔಷಧಿ, ಉಳಿದವರದ್ದರಲ್ಲಿ ಬರೀ ಎಣ್ಣೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ಮನೆಯಿಂದ ಫೋನು ಬರುವುದು ನಿಂತಿತು. ಮಗಳು ಗೋಡೆ ಹಿಡಿಯದೆ ಮೆಟ್ಟಿಲಿಳಿದಳು.

ಕೆಲವು ತಿಂಗಳ ಮೇಲೆ ಮತ್ತೆ ಬೀಳತೊಡಗಿದಳು, ಮೊದಲಿನಷ್ಟಲ್ಲ. ಮೈ ಒಗ್ಗಿಹೋಗಿ ಔಷಧಿಯ ಬಲ ತಗ್ಗಿತೇನೋ ಎಂದುಕೊಂಡೆ.

ಪರೀಕ್ಷೆ ಮುಗಿದಾಗ ಡಾಕ್ಟರು ನಮ್ಮಿಬ್ಬರನ್ನು ಕರೆಸಿದರು. ಎರಡು ಗುಂಪಿನ ಮಕ್ಕಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ, ಕಂಪನಿಯವರು ಕೈಬಿಟ್ಟಿದ್ದಾರೆ ಎಂದರು. ನಮ್ಮ ಮಗಳೊಬ್ಬಳಿಗಾದರೂ ಕೊಡಿ ಎಂದು ಅಂಗಲಾಚಿದೆ. ಕೆಲಸ ಮಾಡದ ಔಷಧಿಯನ್ನು ಹೇಗೆ ಕೊಡಲಿ ಎಂದರು.

"ಕೆಲ್ಸ ಮಾಡ್ತು ಡಾಕ್ಟ್ರೇ," ಎಂದಳು ನನ್ನ ಹೆಂಡತಿ, ನೆಲ ನೋಡುತ್ತ. "ನಾವು ಅಮ್ಮಂದಿರೇ ಹಂಚ್ಕೊಂಡ್ಬಿಟ್ವಿ."

ಆಸ್ಪತ್ರೆಯ ಬೆಂಚಿನಲ್ಲಿ ಇವಳ ಪಕ್ಕ ಕೂರುತ್ತಿದ್ದ ಹೆಂಗಸಿನ ಮಗ ದಿನವೂ ಬೀಳುತ್ತಿದ್ದನಂತೆ. ಆಕೆ ಕಾಲು ಹಿಡಿಯುವುದೊಂದು ಬಾಕಿ. ಇವಳು ತನ್ನ ಬಾಟಲಿಯಲ್ಲಿ ಅರ್ಧ ಸುರಿದುಕೊಟ್ಟು, ಅಳತೆ ಕಮ್ಮಿಯಾಗದಿರಲೆಂದು ಆಕೆಯ ಬರೀ ಎಣ್ಣೆಯಿಂದ ತುಂಬಿಸಿಕೊಂಡಳಂತೆ. ಅದನ್ನು ನೋಡಿ ಉಳಿದ ತಾಯಂದಿರೂ ಹಾಗೇ ಮಾಡಿದರಂತೆ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು, ಇನ್ನೊಂದು ಪರೀಕ್ಷೆಗೆ ಯಾರೂ ಮುಂದೆ ಬರುವುದಿಲ್ಲ ಎಂದಷ್ಟೇ ಹೇಳಿದರು.

ಮನೆಗೆ ಬಂದು ಬಾಯಿಗೆ ಬಂದಂತೆ ಅಂದೆ. ಊರಿಗೆಲ್ಲ ಉಪಕಾರ ಮಾಡಲು ನಮ್ಮ ಮಗಳ ಪಾಲೇ ಬೇಕಿತ್ತೇ ಎಂದೆ. ಅಂದು ಮಾತ್ರವಲ್ಲ, ದಿನವೂ ಅಂದೆ.

ನಿನ್ನೆ ಮಗಳು ಅಡುಗೆಮನೆಯಲ್ಲಿ ಬಿದ್ದಳು. ಹೆಂಡತಿ ಅವಳನ್ನು ಮಗ್ಗುಲಿಗೆ ಹೊರಳಿಸಿ, ನೊರೆ ಒರೆಸುತ್ತ ತಲೆಯೆತ್ತಿದಳು.

"ಇನ್ಮೇಲೆ ಆ ಹುಡುಗ ನನ್ನ ಕಣ್ಮುಂದೆ ಸತ್ರೂ ಒಂದು ತೊಟ್ಟು ಕೊಡಲ್ಲ ಕಣ್ರೀ. ಸಮಾಧಾನ ಆಯ್ತಾ?"

ಅವಳ ಬಾಯಿಂದ ಈ ಮಾತು ಬರಲೆಂದೇ ಇಷ್ಟು ದಿನ ಕೂಗಾಡಿದ್ದೆ. ಬಂದ ಮೇಲೆ ಅವಳ ಮುಖ ನೋಡಲಾಗಲಿಲ್ಲ. ಮಗಳ ಪಾದ ಒತ್ತುತ್ತ ಕೂತುಬಿಟ್ಟೆ.