ಬ್ಯಾನಿ ಗೆದ್ದ ಕೋಳಿ

ಬಿಸಿನೀರಿನಲ್ಲಿ ಅದ್ದಿದ ಕೋಳಿಯ ಪುಕ್ಕ ಕೀಳುತ್ತ ಕೂತಿದ್ದೆ. ಅತ್ತೆ ಮಾಳಮ್ಮ ಖಾರ ಅರೆಯುತ್ತಿದ್ದರು. ನಾನು ಬೋರಿನಿಂದ ನೀರು ತರುವಷ್ಟರಲ್ಲಿ ಅವರೇ ಅದನ್ನು ಕೊಯ್ದಿದ್ದರು. ಬೋಳು ಕುತ್ತಿಗೆಯ ಕೋಳಿ ನಮ್ಮಲ್ಲಿ ಇದ್ದದ್ದು ಒಂದೇ.

ಈ ಬೇಸಿಗೆಯಲ್ಲಿ ಕುರಕುಂಟಾದ ನಮ್ಮ ಓಣಿಗೆ ಕೋಳಿ ಬ್ಯಾನಿ ಬಂದಿತ್ತು. ಕತ್ತು ತಿರುಚಿಕೊಂಡು ಎಲ್ಲ ಸತ್ತವು. ಇದು ಮಾತ್ರ ಉಳಿಯಿತು. ಪಶುವೈದ್ಯಕೀಯ ಓದುವ ಪೂನಮ್ ಅಕ್ಕ ಶಹಾಬಾದದಿಂದ ಬಂದು, ಪರೀಕ್ಷೆಗೆಂದು ರೆಕ್ಕೆಯಡಿಯಿಂದ ಅದರ ರಕ್ತ ತೆಗೆದುಕೊಂಡು, "ಮತ್ತ ಬರ್ತೀನ್ರಿ, ಕೋಳಿ ಜ್ವಾಕಿ" ಎಂದು ಹೋಗಿದ್ದರು.

ನಮ್ಮಲ್ಲಿ ಬರುವವರ ಹೆಸರಿಗೆ ಒಂದು ಕೋಳಿ ಬಿಟ್ಟು, ಅವರು ಬಂದಾಗ ಕೊಯ್ಯುವುದುಂಟು. ಅಕ್ಕನ ಮಾತನ್ನು ಅತ್ತೆ ಹಾಗೇ ತಿಳಿದರು. ದಿನಾ ಜೋಳ ಹಾಕಿ ಕೊಬ್ಬಿಸಿದರು. ತನಗೆ ಅದರ ಮರಿ ಬೇಕೆಂದು ಅಕ್ಕ ಬಸ್ಸಿನ ಹತ್ತಿರ ನನಗೆ ಹೇಳಿದ್ದರು. ಅತ್ತೆಗೆ ಹೇಳಹೋದರೆ, "ರಕ್ತ ಒಯ್ದಾಳಲ್ಲ, ಇನ್ನೇನು?" ಅಂದರು. ನಾನು ಸುಮ್ಮನಾದೆ.

ಹೊಟ್ಟೆ ಬಿಡಿಸಿದರೆ ಒಳಗೆ ಹಳದಿ ತತ್ತಿಗಳ ಗೊಂಚಲು. ಬ್ಯಾನಿಯ ನಂತರ ಅದು ಇನ್ನೂ ಒಂದೂ ತತ್ತಿ ಇಟ್ಟಿರಲಿಲ್ಲ.

"ಅವನ್ನೂ ಹಾಕು, ಓದೂ ಪೋರಿಗಿ ಅವೇ ಛಲೋ" ಅಂದರು ಅತ್ತೆ.

ಮಧ್ಯಾಹ್ನ ಅಕ್ಕ ಬಂದರು, ಕೈಯಲ್ಲಿ ಹುಲ್ಲು ಹಾಸಿದ ಬುಟ್ಟಿ.

"ತಂಗಿ, ಕೋಳಿ ಎಲ್ಲದ?"

ನಾನು ನೆಲ ನೋಡಿದೆ.

"ಬಂದಕೂಡಲೇ ಕೋಳಿ ಕೇಳ್ತಾಳ ನೋಡು!" ಅತ್ತೆ ನಕ್ಕರು. "ಕೈ ತೊಳ್ಕೊ ಯವ್ವಾ. ಕಡ್ಡಿ ಆಗಿದಿ. ಬ್ಯಾನಿ ಗೆದ್ದಿದ್ದು ತಿಂದ್ರ ನಿನಗೂ ಯಾವ ಬ್ಯಾನಿ ಬರಲ್ಲ."

ತಾಟಿನಲ್ಲಿ ತೊಡೆಯ ತುಂಡು, ಎಳೆ ತತ್ತಿ, ಬಿಸಿ ರೊಟ್ಟಿ.

"ಇದು ಅದೇ ಏನ್ರಿ?"

"ಮತ್ತ! ನಿನ್ನ ಹೆಸರಿಗೇ ಬಿಟ್ಟಿದ್ದೆ. ನನ್ನ ಮಗ ಕೇಳಿದ್ರೂ ಕೊಡಲಿಲ್ಲ."

ಅಕ್ಕ ಬುಟ್ಟಿ ಕೆಳಗಿಟ್ಟು ಕೂತರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಆ ತಾಕತ್ತು ತಿಂದ್ರ ಬರೂದಲ್ಲ ಯವ್ವಾ. ಅವ್ವನಿಂದ ಮಕ್ಕಳಿಗಿ ರಕ್ತದಾಗ ಇಳೀತದ. ಇದರ ಮರಿನೂ ಬ್ಯಾನಿ ತಡೀತಾವೇನು ನೋಡಬೇಕಿತ್ತು. ದಂಡೋತಿ ತನಕ ತಿರುಗಾಡೀನಿ, ಇಂಥಾದ್ದು ಇನ್ನೊಂದು ಸಿಕ್ಕಿಲ್ಲ. ನನ್ನ ಓದೆಲ್ಲ ಇದರ ಮ್ಯಾಲೇ ನಿಂತಿತ್ತು."

ಅತ್ತೆಯ ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು, ತೆಗೆಯಲು ಮರೆತವರಂತೆ. ಒಣಗಿದ ಕೈಯನ್ನೇ ಸೆರಗಿಗೆ ಮತ್ತೆ ಮತ್ತೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀ ಇನ್ನೊಮ್ಮೆ ಹೇಳಬೇಕಿತ್ತಲ್ಲ" ಎಂದು ಮೆಲ್ಲಗೆ ಅಂದರು. ನನಗೆ ಆ ಬೋಳು ಕುತ್ತಿಗೆ ನನ್ನದೇ ಅನಿಸಿತು. ಮುಚ್ಚಿಕೊಳ್ಳಲು ಏನೂ ಇರಲಿಲ್ಲ.

ಅಕ್ಕ ತಾಟು ನೋಡುತ್ತಿದ್ದರು. ಅತ್ತೆ ರೊಟ್ಟಿ ಮುರಿದು ಅವರ ಮುಂದೆ ಸರಿಸಿದರು.

"ಒಂದು ತುತ್ತರೆ ಉಣ್ಣವ್ವಾ."