ಸಿಟ್ಟಿಲ್ಲದವನು

ಬಾಗಿಲ ಹೊರಗಿನವನು ಕೂಗಾಡಿದ್ದರೆ ದೊಡ್ಡಕ್ಕ ಚಿಲಕ ತೆಗೆಯುತ್ತಲೇ ಇರಲಿಲ್ಲ. ಗಂಡಂದಿರ ಏಟು ತಾಳಲಾರದೆ ಓಡಿಬಂದ ಹೆಂಗಸರಿಗಾಗಿ ಹದಿನೈದು ವರ್ಷ ಆಶ್ರಯಮನೆ ನಡೆಸಿದವಳು ಅವಳು. ಬಾಗಿಲು ಗುದ್ದುವ ಸದ್ದಿನಲ್ಲೇ ಬಂದವನು ಹೊಡೆಯುವವನೋ ಬರೀ ಬಾಯಿಬಡುಕನೋ ಎಂದು ಹೇಳಬಲ್ಲಳು. ಇವನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ, "ಅಮ್ಮಾ, ನನ್ನ ಖಾತೆ ತೆರ್ಕೊಳ್ತಿಲ್ಲ, ಸ್ವಲ್ಪ ನೋಡ್ತೀರಾ?" ಎಂದ. ಪಾಪ ಅನಿಸಿತು. ಕಚೇರಿಯ ಬೇರೆಯವರು ಬರುವುದಕ್ಕೆ ಇನ್ನೂ ಹೊತ್ತಿತ್ತು. ಆದರೂ ತೆಗೆದಳು.

ಒಳಗೆ ಬಂದವರು ಇಬ್ಬರು. ಹಿಂದಿದ್ದ ಉದ್ದನೆಯವನು ಬಾಗಿಲು ಹಾಕಿದ. ಮುಂದಿದ್ದವನು ಚೀಲದಿಂದ ಸುತ್ತಿಗೆ ತೆಗೆದ.

ಇದು ಕ್ರಿಪ್ಟೋ ಕಂಪನಿ. ಕಣ್ಣಿಗೆ ಕಾಣದ, ಕಂಪ್ಯೂಟರಿನಲ್ಲಷ್ಟೇ ಇರುವ ನಾಣ್ಯವನ್ನು ಕೊಳ್ಳುವವರ, ಮಾರುವವರ ವ್ಯಾಪಾರ. ದಾನಿಗಳು ಒಬ್ಬೊಬ್ಬರಾಗಿ ಜಾರಿಕೊಂಡು ಆಶ್ರಯಮನೆ ಮುಚ್ಚಿದಾಗ, "ಊರವರ ಗಂಡಂದಿರನ್ನ ತಿದ್ದಿದ್ದು ಸಾಕು, ಸೋರೋ ನಿನ್ನ ಸೂರು ತಿದ್ದಿಸ್ಕೋ" ಎಂದು ತಂಗಿ ಬೈದು ಇಲ್ಲಿಗೆ ಅರ್ಜಿ ಹಾಕಿಸಿದ್ದಳು. ಎಲ್ಲರೂ ಧಣಿ ಎಂದು ತಮಾಷೆಗೆ ಕರೆಯುವ ಇಲ್ಲಿನ ಯಜಮಾನನಿಗೆ ಮೂವತ್ತೂ ತುಂಬಿರಲಿಲ್ಲ. "ಬೆಲೆ ಬಿದ್ದ ದಿನ ಜನ ಬಂದು ಕುರ್ಚಿ ಎತ್ತಿ ಎಸೀತಾರೆ ಅಕ್ಕ. ನಂಗೆ ಲೆಕ್ಕ ಮಾಡೋಕೆ ಬರುತ್ತೆ, ಜನರನ್ನ ಸಮಾಧಾನ ಮಾಡೋಕೆ ಬರಲ್ಲ. ಅದನ್ನ ನೀವು ನೋಡ್ಕೊಳ್ಳಿ" ಎಂದು ಕೆಲಸ ಕೊಟ್ಟ. ಹಳೆಯ ಗೆಳತಿ ಚುಚ್ಚಿದಳು: "ಕಣ್ಣೀರು ಒರೆಸ್ತಿದ್ದೋಳು ಜೂಜುಕಟ್ಟೆ ಕಾಯೋಕೆ ಹೋದ್ಯಾ?" ದೊಡ್ಡಕ್ಕ ನಕ್ಕಳು. "ಇಲ್ಲೂ ಕಣ್ಣೀರೇ ಕಣೆ. ಒರೆಸೋ ಕಾಗದ ಮಾತ್ರ ಒಳ್ಳೇದು."

ಕಂಪನಿಯ ಬೊಕ್ಕಸ ತೆರೆಯಲು ಮೂರು ಗುಟ್ಟಿನ ಸಂಕೇತಗಳಿದ್ದವು. ಅವುಗಳಲ್ಲಿ ಎರಡು ಕೂಡಬೇಕು. ಒಂದು ಧಣಿಯದು, ಒಂದು ಪರದೇಶಕ್ಕೆ ಹೋಗಿದ್ದ ಪಾಲುದಾರನದು, ಇನ್ನೊಂದು ದೊಡ್ಡಕ್ಕನದು. ಹೆಂಡತಿ ಎಲ್ಲಿದ್ದಾಳೆಂದು ಯಾವ ಗಂಡನಿಗೂ ಬಾಯಿಬಿಡದವಳಿಗಿಂತ ನಂಬಿಗಸ್ತರು ಯಾರು ಸಿಗುತ್ತಾರೆ?

ಒಳಕೋಣೆಯಲ್ಲಿದ್ದ ಧಣಿಯನ್ನು ಎಳೆತಂದು ಕುರ್ಚಿಗೆ ಕಟ್ಟಿದರು. ಉದ್ದನೆಯವನು ಅವನ ಎಡಗೈಯನ್ನು ಮೇಜಿನ ಮೇಲೆ ಒತ್ತಿಹಿಡಿದ. ಸುತ್ತಿಗೆಯವನು ಕಿರುಬೆರಳಿಗೆ ಬಾರಿಸಿದ. ಕಡ್ಡಿ ಮುರಿದಂಥ ಸದ್ದು. ಧಣಿ ಅರಚಿದ, ಅರಚುತ್ತಲೇ ತನ್ನ ಸಂಕೇತವನ್ನೂ ಇನ್ನೊಂದು ಯಾರ ಹತ್ತಿರ ಇದೆಯೆಂಬುದನ್ನೂ ಹೇಳಿಬಿಟ್ಟ.

"ಈಗ ನಿಮ್ದು, ಅಮ್ಮಾ," ಎಂದ ಸುತ್ತಿಗೆಯವನು.

ದೊಡ್ಡಕ್ಕ ಅವರ ಮುಖ ನೋಡಿದಳು. ಇಬ್ಬರೂ ಮುಖ ಮುಚ್ಚಿಕೊಂಡಿರಲಿಲ್ಲ. ಮುಖ ತೋರಿಸಿದವರು ಕೆಲಸ ಮುಗಿದ ಮೇಲೆ ಸಾಕ್ಷಿ ಉಳಿಸುವುದಿಲ್ಲ. ತಾನು ಸಂಕೇತ ಹೇಳಿದ ಗಳಿಗೆಯೇ ಹುಡುಗನದೂ ತನ್ನದೂ ಕೊನೆಯ ಗಳಿಗೆ.

ಅವಳು ಹಳೆಯ ವಿದ್ಯೆ ತೆಗೆದಳು. ದನಿ ತಗ್ಗಿಸಿದಳು, ಅಂಗೈ ಕಾಣುವಂತೆ ಕೈ ಚಾಚಿದಳು. "ಕೂತ್ಕೊಳ್ಳಪ್ಪ. ತುಂಬ ನೊಂದಿದ್ದೀಯ ಅನ್ಸುತ್ತೆ. ನೀರು ಕುಡೀತೀಯಾ?"

ಉಂಗುರದ ಬೆರಳು ಹೋಯಿತು.

"ನಿನ್ನ ಕಷ್ಟ ಏನೂಂತ ಹೇಳು, ನಾನು ಕೇಳ್ತೀನಿ."

ನಡುಬೆರಳು. ಈ ಸಲ ಮೂಳೆ ಚರ್ಮ ಸೀಳಿ ಹೊರಬಂತು. ಧಣಿಯ ಬಾಯಿಂದ ಕೂಗಿನ ಬದಲು ವಾಂತಿ ಬಂತು.

"ನಂಗೆ ಕಷ್ಟ ಏನಿಲ್ಲಮ್ಮ," ಎಂದ ಅವನು ಸುತ್ತಿಗೆ ಒರೆಸಿಕೊಳ್ಳುತ್ತ. "ನಿಮ್ಮ ಮಾತು ಮುಗಿಯೋಷ್ಟರಲ್ಲಿ ಇವನ ಬೆರಳು ಮುಗಿದಾವು ಅಂತ ಅಷ್ಟೇ."

ಆಗ ಅವಳಿಗೆ ತನ್ನ ತಪ್ಪು ಹೊಳೆಯಿತು. ಸಿಟ್ಟು ಬಂದವನನ್ನು ತಣಿಸಬಹುದು. ಇವನಿಗೆ ಸಿಟ್ಟೇ ಇಲ್ಲ. ಬಡಗಿ ಮೊಳೆ ಹೊಡೆದಂತೆ ಹೊಡೆಯುತ್ತಿದ್ದಾನೆ.

"ಬಾವ, ಬೇಗ ಮುಗಿಸು. ನಂಗೆ ಆಗ್ತಿಲ್ಲ," ಎಂದ ಉದ್ದನೆಯವನು. ಅವನ ಮುಖ ಬಿಳಿಚಿಕೊಂಡಿತ್ತು.

"ಗಟ್ಟಿಯಾಗಿ ಹಿಡಿಯೋ ಹೇಡಿ. ನಿಮ್ಮಕ್ಕನಿಗಿರೋ ಧೈರ್ಯದಲ್ಲಿ ಕಾಲು ಭಾಗ ನಿನಗಿಲ್ಲ." ಸುತ್ತಿಗೆಯವನು ತೋಳು ಮಡಚಿದ.

ಅವನ ಮುಂಗೈಯ ಒಳಭಾಗದಲ್ಲಿ ಅರ್ಧಚಂದ್ರದಂಥ ಗಾಯ. ಇನ್ನೂ ಹಕ್ಕಳೆ ಕಟ್ಟಿರಲಿಲ್ಲ. ಅಂಥದನ್ನು ದೊಡ್ಡಕ್ಕ ಎಷ್ಟೋ ಸಲ ನೋಡಿದ್ದಳು. ಹಿಂದಿನಿಂದ ತೋಳು ಬಳಸಿ ಕತ್ತು ಒತ್ತಿಹಿಡಿದಾಗ ಹೆಂಗಸು ಸಿಕ್ಕಲ್ಲಿ ಹಲ್ಲು ಊರಿದರೆ ಗುರುತು ಬೀಳುವುದು ಅಲ್ಲೇ.

ಹದಿನೈದು ವರ್ಷದಲ್ಲಿ ಅವಳು ಒಬ್ಬ ಗಂಡಸಿನ ಸಿಟ್ಟಿಗೂ ಕಡ್ಡಿ ಗೀರಿದವಳಲ್ಲ. ಈಗ ಗೀರಿದಳು.

"ನಿಮ್ಮಕ್ಕ ಹುಷಾರಾಗಿದ್ದಾರಾ?" ಎಂದು ಉದ್ದನೆಯವನನ್ನು ಕೇಳಿದಳು.

"ನಮ್ಮಕ್ಕನ ಸುದ್ದಿ ನಿನಗ್ಯಾಕೆ?"

"ಈಚೆಗೆ ಬಿದ್ದಿದ್ರಾ? ಮೆಟ್ಟಿಲ ಮೇಲಿಂದಲೋ, ಬಚ್ಚಲಲ್ಲೋ?"

ಅವನ ಹಿಡಿತ ಸಡಿಲವಾಯಿತು. "ಮೆಟ್ಟಿಲಿಂದ... ನಿನಗೆ ಹೇಗೆ ಗೊತ್ತು?"

"ಬಾಯಿ ಮುಚ್ಚು," ಎಂದ ಸುತ್ತಿಗೆಯವನು. ಮೊದಲ ಬಾರಿಗೆ ಅವನ ದನಿ ಏರಿತು.

"ಮೆಟ್ಟಿಲಿಂದ ಬಿದ್ದವರ ಮೊಣಕಾಲು ತರಚಿರುತ್ತಪ್ಪ. ಅವರದ್ದು ಕತ್ತು ಕಂದಿತ್ತಲ್ವಾ? ಸೆರಗು ಸುತ್ತಿಕೊಂಡಿದ್ರಲ್ವಾ? ಬಾವನ ಕೈ ನೋಡು. ಅದು ನಿಮ್ಮಕ್ಕನ ಹಲ್ಲು."

ಸುತ್ತಿಗೆ ಅವಳತ್ತ ಬೀಸಿ ಬಂತು. ತಲೆ ತಗ್ಗಿಸಿದಳು, ಏಟು ಭುಜಕ್ಕೆ ಬಿದ್ದು ತೋಳು ಜೋತುಬಿತ್ತು. ನೆಲಕ್ಕುರುಳಿದರೂ ಬಾಯಿ ನಿಲ್ಲಿಸಲಿಲ್ಲ. "ಇನ್ನೊಂದು ಸಲ ಕತ್ತು ಹಿಡಿದ್ರೆ ಅಕ್ಕ ನಿಂಗೆ ಸಿಗಲ್ಲ ಕಣೋ! ಕೇಳು ಅವನನ್ನ!"

"ಬಾವ, ತೋಳು ತೋರ್ಸು," ಎಂದ ಉದ್ದನೆಯವನು.

"ನನ್ನ ಹೆಂಡ್ತಿ, ನನ್ನಿಷ್ಟ. ಕೈ ಹಿಡಿಯೋ ಅಂದ್ರೆ—"

ಮಾತು ಮುಗಿಯಲಿಲ್ಲ. ಉದ್ದನೆಯವನು ಅವನ ಮುಖವನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ಹಲ್ಲುಗಳು ಕೀಲಿಮಣೆಯ ಮೇಲೆ ಉದುರಿದವು. ಬಿದ್ದ ಸುತ್ತಿಗೆಯನ್ನು ಎತ್ತಿಕೊಂಡು, "ಮೆಟ್ಟಿಲು! ಮೆಟ್ಟಿಲು!" ಎನ್ನುತ್ತ ಒಂದೊಂದು ಕೂಗಿಗೆ ಒಂದೊಂದು ಏಟು ಹಾಕಿದ. ಗೋಡೆಯ ಮೇಲಿನ ಬೆಲೆಪಟ್ಟಿಯ ಪರದೆಗೆ ರಕ್ತ ಸಿಡಿಯಿತು. ಬಾವನ ಕಾಲು ಸ್ವಲ್ಪ ಹೊತ್ತು ನೆಲ ಒದ್ದು, ಸುಮ್ಮನಾಯಿತು.

ಆಮೇಲೆ ಕೋಣೆಯಲ್ಲಿ ಧಣಿಯ ಬಿಕ್ಕು ಒಂದೇ.

ಉದ್ದನೆಯವನು ತಿರುಗಿದ. ಸುತ್ತಿಗೆ ಕೈಯಲ್ಲೇ ಇತ್ತು. "ಅಕ್ಕಾ... ಉಸಿರಿದೆಯಾ ನೋಡಕ್ಕ. ನಮ್ಮಕ್ಕನಿಗೆ ಏನಂತ ಹೇಳ್ಲಿ?"

ಇಂಥವನನ್ನು ಅವಳು ಬಲ್ಲಳು. ಅಳುತ್ತಿರುವಾಗಲೇ ಮತ್ತೆ ಕೈ ಎತ್ತುವ ಜಾತಿ. ತೆವಳಿಕೊಂಡು ಹೋಗಿ ಬಿದ್ದವನ ದವಡೆಯ ಕೆಳಗೆ ಬೆರಳಿಟ್ಟಳು. ಏನೂ ಮಿಡಿಯಲಿಲ್ಲ.

"ಇದೆ," ಎಂದಳು ತಗ್ಗಿದ ದನಿಯಲ್ಲಿ, ಮೇಜು ಒರೆಸುವ ಬಟ್ಟೆ ಚಾಚುತ್ತ. "ಸುತ್ತಿಗೆ ಕೆಳಗಿಡಪ್ಪ. ಬಾ, ಅವನ ತಲೆಗೆ ಈ ಬಟ್ಟೆ ಒತ್ತಿಹಿಡಿ. ಒಂದು ಕೈ ಸಾಲದು, ಎರಡೂ ಕೈ."

ಅವನು ಮಂಡಿಯೂರಿ ಎರಡೂ ಕೈಯಿಂದ ಒತ್ತಿಹಿಡಿದ. ದೊಡ್ಡಕ್ಕ ಸುತ್ತಿಗೆಯನ್ನು ಕಾಲಿಂದ ಕಪಾಟಿನಡಿಗೆ ತಳ್ಳಿ, ಒಂದೇ ಕೈಯಲ್ಲಿ ಧಣಿಯ ಕಟ್ಟು ಬಿಚ್ಚಿದಳು. ಅವನು ಅವಳ ಮುಖ ನೋಡಿದ. ಅವಳು ಮುಟ್ಟಿದಾಗ ಕುರ್ಚಿ ಸಮೇತ ಹಿಂದಕ್ಕೆ ಸರಿದ. ಅವಳು ಫೋನ್ ಎತ್ತಿ ಪೊಲೀಸರಿಗೆ ವಿಳಾಸ ಹೇಳಿದಳು.

"ರಕ್ತ ನಿಂತಿದೆ ಅಕ್ಕ," ಎಂದ ಉದ್ದನೆಯವನು. "ಬಿಡ್ಲಾ?"

"ಬೇಡಪ್ಪ. ಹಾಗೇ ಒತ್ಕೊಂಡಿರು."