ಬಟ್ಟಲು ತುಂಬಿತ್ತು

ನನ್ನ ಸೊಸೆ ತನುಜಾ ನಾಲ್ಕು ಹಕ್ಕಿ ಸಾಕಿದ್ದಳು. ಒಂದೊಂದೂ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಹಾಲು ಕೊಡುವುದಿಲ್ಲ, ನೇಗಿಲು ಎಳೆಯುವುದಿಲ್ಲ, ಬಾಗಿಲು ಕಾಯುವುದಿಲ್ಲ. ಬೆಳಗಿನಿಂದ ಸಂಜೆಯವರೆಗೂ ಕಿಚಪಿಚ ಎನ್ನುವುದೊಂದೇ ಉದ್ಯೋಗ. ಅಂಗಡಿಯವನು ಲವ್ ಬರ್ಡ್ಸ್ ಎಂದು ಕೊಟ್ಟನಂತೆ. "ಅಲ್ಲ ಮಾವ, ಇವು ಬಡ್ಜಿ" ಎಂದು ಸೊಸೆ ತಿದ್ದಿದಳು. ನನಗೆ ಮೆಣಸಿನಕಾಯಿ ಬಜ್ಜಿಯೊಂದು ಗೊತ್ತು ಎಂದೆ. ಅವಳು ನಗಲಿಲ್ಲ. ಹಕ್ಕಿಯ ವಿಷಯದಲ್ಲಿ ಅವಳು ನಗುವವಳಲ್ಲ.

ನಾನು ಈರಭದ್ರಪ್ಪ. ದೇವನೂರಿನವನು. ನಲವತ್ತೈದು ವರ್ಷ ರಾಗಿ, ನವಣೆ, ಕಡಲೆ ಬೆಳೆದವನು. ಹೆಂಡತಿ ಹೋದ ಮೇಲೆ ಮಗ ವಿಜಯ್ ನನ್ನನ್ನು ಕಡೂರಿಗೆ ಕರೆತಂದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಂದು ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ನನ್ನನ್ನು ಯಾರೂ ಒಂದು ಮಾತು ಕೇಳಿದ್ದಿಲ್ಲ, ಒಂದು ಕೆಲಸ ಹೇಳಿದ್ದಿಲ್ಲ. ಗ್ಯಾಸ್ ಸಿಲಿಂಡರ್ ತರುವುದರಿಂದ ಹಿಡಿದು ಗೋಡೆಯ ಬಣ್ಣದವರೆಗೆ ಎಲ್ಲ ಗಂಡ ಹೆಂಡತಿಯರಲ್ಲೇ ಮುಗಿಯುತ್ತದೆ. ನನ್ನ ಪಾಲಿಗೆ ಊಟ, ಟಿವಿ, ಮತ್ತು "ನೀವು ಆರಾಮಾಗಿರಿ ಮಾವ" ಎಂಬ ಮಾತು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈ ಏಪ್ರಿಲ್‌ನಲ್ಲಿ ತರೀಕೆರೆಯಲ್ಲಿರುವ ತನುಜಾಳ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ಗಂಡುಮಕ್ಕಳಿಲ್ಲದ ಮನೆ. ಮಗ ಸೊಸೆ ಇಬ್ಬರೂ ಮೂರು ದಿನ ಹೋಗಿಬರುವುದೆಂದಾಯಿತು. ಹಕ್ಕಿಗಳನ್ನು ಪಕ್ಕದ ಮನೆಯ ಲಕ್ಕಣ್ಣನಿಗೆ ಒಪ್ಪಿಸಿ ಹೋಗುವುದು ಎಂದು ಅಡುಗೆಮನೆಯಲ್ಲಿ ಮಾತಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಲಕ್ಕಣ್ಣನೆಂದರೆ ಯಾರು? ಟಾಕೀಸಿನ ಬಾಗಿಲಲ್ಲಿ ನಿಂತು ಮೂವತ್ತು ವರ್ಷ ಟಿಕೆಟ್ ಹರಿದವನು. ಟಾಕೀಸು ಮುಚ್ಚಿತು, ಇವನು ಮನೆ ಸೇರಿದ. ಜೀವಮಾನದಲ್ಲಿ ಒಂದು ತೆನೆ ಮುರಿದವನಲ್ಲ. ರಾಗಿ ಪೈರಿಗೂ ಹುಲ್ಲಿಗೂ ವ್ಯತ್ಯಾಸ ತಿಳಿಯದು. ನನ್ನಂಥವನು ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಕೂತಿರುವಾಗ ಕಾಳು ಹಾಕಲು ಇವನು ಬರಬೇಕೆ? ನಾನು ಎದ್ದು ಅಡುಗೆಮನೆ ಬಾಗಿಲಿಗೆ ಹೋದೆ.

"ಯಾಕೆ, ನಾನು ಸತ್ತಿದೀನಾ?"

"ಅಯ್ಯೋ, ಬಿಡ್ತು ಅನ್ನಿ ಮಾವ. ನಿಮಗ್ಯಾಕೆ ತೊಂದ್ರೆ ಅಂತ" ಎಂದಳು ತನುಜಾ.

"ನಾಲ್ಕು ಜೊತೆ ಎತ್ತು ಸಾಕಿದೋನು ನಾನು. ಇವೇನು ಮಹಾ. ನೀವು ಹೋಗ್ಬನ್ನಿ, ಹೋದಾಗ ಹೆಂಗಿದ್ವೋ ಬಂದಾಗ್ಲೂ ಹಂಗೇ ಇರ್ತಾವೆ."

ವಿಜಯ್ ಹೆಂಡತಿಯ ಮುಖ ನೋಡಿದ. ಅವಳು ಹೂಂ ಎಂದಳು. ಬಾಯಲ್ಲಿ ಎಷ್ಟು ಹೀಗಳೆದರೂ ಆ ಹೂಂ ಕೇಳಿ ನನಗೆ ಒಳಗೊಳಗೆ ಖುಷಿಯಾಯಿತು. ನಾಲ್ಕು ವರ್ಷದ ಮೇಲೆ ನನ್ನ ಕೈಗೆ ಒಂದು ಕೆಲಸ ಬಂದಿತ್ತು. ಇದನ್ನು ನೆಟ್ಟಗೆ ಮಾಡಿ ತೋರಿಸಿದರೆ ಮುಂದೆ ಇನ್ನೊಂದು ಬರುತ್ತದೆ ಎಂಬ ಆಸೆ. ಹೇಳಿಕೊಳ್ಳಲು ನಾಚಿಕೆಯಾದರೂ ಅದೇ ಸತ್ಯ.

ಹೊರಡುವ ದಿನ ಬೆಳಿಗ್ಗೆ ತನುಜಾ ಪಂಜರದ ಮುಂದೆ ನಿಂತು ಪಾಠ ಶುರು ಮಾಡಿದಳು. ಹನ್ನೊಂದರ ಮೇಲೆ ಪಂಜರವನ್ನು ವರಾಂಡದಿಂದ ಒಳಗಿಡಬೇಕಂತೆ. ಫ್ಯಾನಿನ ಗಾಳಿ ನೇರವಾಗಿ ಬಡಿಯಬಾರದಂತೆ. ದಿನಕ್ಕೆರಡು ಸಲ ಕುಡಿಯುವ ನೀರು ಬದಲಾಯಿಸಬೇಕಂತೆ. ಮಧ್ಯಾಹ್ನ ಅಗಲವಾದ ತಟ್ಟೆಯಲ್ಲಿ ಸ್ನಾನಕ್ಕೆ ನೀರಿಡಬೇಕಂತೆ. ಸ್ನಾನ! ನಾನು ಹುಡುಗನಾಗಿದ್ದಾಗ ನಮಗೆ ವಾರಕ್ಕೊಂದು ಸ್ನಾನ. ಸೌತೆಕಾಯಿ ಹೋಳು, ಕೊತ್ತಂಬರಿ ಸೊಪ್ಪು ಇಟ್ಟು ಎರಡು ಗಂಟೆಯಲ್ಲಿ ತೆಗೆಯಬೇಕಂತೆ, ಇಲ್ಲದಿದ್ದರೆ ಬಿಸಿಲಿಗೆ ಹಳಸುತ್ತದಂತೆ. ಹಕ್ಕಿ ಬಾಯಿ ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಟ್ಟರೆ ಸೆಖೆ ತಡೆಯುತ್ತಿಲ್ಲ ಎಂದು ಅರ್ಥವಂತೆ.

"ಇನ್ನು ನವಣೆ ಮಾವ. ಬಟ್ಲು ತುಂಬಿದಂಗೆ ಕಾಣುತ್ತೆ, ಆದ್ರೆ ನೀವು..."

"ಏ, ನವಣೆ ವಿಷಯ ನಂಗೆ ಹೇಳ್ಬೇಡ ಕಣಮ್ಮ" ಎಂದೆ. "ನೀನು ಹುಟ್ಟೋಕ್ ಮುಂಚೆಯಿಂದ ನವಣೆ ಬೆಳೆದೋನು ನಾನು. ಬಸ್ಸು ಹೋದಾತು, ಹೊರಡಿ."

ಅವಳು ಬ್ಯಾಗು ಎತ್ತಿಕೊಂಡಳು.

ಮೊದಲ ದಿನ ಬಿಸಿಲು ಕೆಂಡ. ರಸ್ತೆಯಲ್ಲಿ ನಾಯಿಯೂ ಓಡಾಡಲಿಲ್ಲ. ಹಸಿರು ಬಣ್ಣದ ಒಂದು ಹಕ್ಕಿ ಬಾಯಿ ತೆರೆದುಕೊಂಡಿತು. ಇದಕ್ಕೆ ತಟ್ಟೆ, ಸ್ನಾನ ಎಂದು ನಾಟಕವಾಡುವವನಲ್ಲ ನಾನು. ಪಂಜರವನ್ನು ಒಳಗಿಟ್ಟೆ, ಒಂದು ಗೋಣಿಚೀಲವನ್ನು ನೆನೆಸಿ ನಾಲ್ಕೂ ಕಡೆ ಬಿಗಿಯಾಗಿ ಹೊದೆಸಿದೆ. ಆಮೇಲೆ ಬಟ್ಟಲು ನೋಡಿದೆ. ಅಂಚಿನವರೆಗೆ ತುಂಬಿತ್ತು. ತುಂಬಿರದಿದ್ದರೂ ನಾನು ಹಾಕುತ್ತಿರಲಿಲ್ಲ. ನವಣೆ ಉಷ್ಣ. ಅದು ನಮ್ಮ ಕಡೆ ಎಳೇ ಮಗುವಿಗೂ ಗೊತ್ತು. ಬೇಸಿಗೆಯಲ್ಲಿ ಯಾರಿಗಾದರೂ ನವಣೆ ಅನ್ನ ಬಡಿಸುತ್ತೇವೆಯೆ? ಇಂಥ ಸೆಖೆಯಲ್ಲಿ ಮೂರು ಹೊತ್ತೂ ನವಣೆ ತಿಂದರೆ ಬಾಯಿ ತೆರೆಯದೆ ಏನು ಮಾಡುತ್ತವೆ? ಓದಿದವಳಿಗೆ ಇಷ್ಟು ತಿಳಿಯಬೇಡವೆ? ಒಂದು ತಟ್ಟೆಯಲ್ಲಿ ಮೊಸರನ್ನ ಕಲಸಿ ಒಳಗಿಟ್ಟೆ. ತಂಪು.

ಸಂಜೆ ಲಕ್ಕಣ್ಣ ಕಾಂಪೌಂಡಿನಿಂದ ಇಣುಕಿದ.

"ಅಣ್ಣ, ಅಷ್ಟು ಮುಚ್ಚಿದ್ರೆ ಗಾಳಿ ಆಡುತ್ತಾ?"

"ನಿನ್ ಟಾಕೀಸಲ್ಲಿ ಆಡ್ತಿತ್ತೇನೋ? ಜನ ಬದುಕ್ಲಿಲ್ವಾ? ಹೋಗೋ, ಕೆಲ್ಸ ನೋಡ್ಹೋಗು."

ಅವನು ಹಲ್ಲು ಬಿಟ್ಟುಕೊಂಡು ಹೋದ. ಎಂಥ ಮಾತಂದರೂ ಹಲ್ಲು ಬಿಡುವ ಜಾತಿ. ಗೇಟಿನಲ್ಲಿ ನಿಂತು ನಿಂತು ಅದೇ ಅಭ್ಯಾಸವಾಗಿದೆ.

ಎರಡನೆಯ ದಿನ ಹಕ್ಕಿಗಳ ಗಲಾಟೆ ಇಳಿಯಿತು. ಮನೆ ನಿಶ್ಶಬ್ದವಾಗಿತ್ತು. ತಂಪು ಹತ್ತಿದೆ ಎಂದು ನನಗೆ ನಾನೇ ಭೇಷ್ ಎಂದುಕೊಂಡೆ. ಮೊಸರನ್ನ ಒಣಗಿತ್ತು, ಒಂದೆರಡು ಕಡೆ ಕೆದಕಿದ ಗುರುತಿತ್ತು. ಬೇರೆ ಕಲಸಿಟ್ಟೆ. ಚೀಲಕ್ಕೆ ಮತ್ತೆ ನೀರು ಹಾಕಿದೆ. ಬಟ್ಟಲು ನಿನ್ನೆಯ ಹಾಗೆಯೇ ತುಂಬಿತ್ತು. ನೋಡು, ಅವಕ್ಕೂ ನವಣೆ ಬೇಡವಾಗಿದೆ ಎಂದುಕೊಂಡೆ.

ಮಧ್ಯಾಹ್ನ ತನುಜಾ ಫೋನ್ ಮಾಡಿದಳು. ತಾಯಿಯ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ, ಚೆನ್ನಾಗಿ ಕಾಣುತ್ತಿದೆ ಎಂದಳು. ಆಮೇಲೆ ಬೇಕಾದ್ದು ಕೇಳಿದಳು.

"ತಿಂತಾ ಇದಾವಾ ಮಾವ?"

"ಬಟ್ಲು ತುಂಬೈತೆ ಕಣಮ್ಮ."

"ಊದಿದ್ರಾ?"

ಏನನ್ನು ಊದುವುದೋ ನನಗೆ ತಿಳಿಯಲಿಲ್ಲ. ಕೇಳಿದರೆ ನವಣೆಯ ವಿಷಯವನ್ನು ಸೊಸೆಯಿಂದ ಹೇಳಿಸಿಕೊಂಡ ಹಾಗಾಗುತ್ತದೆ.

"ಹೂಂ, ಊದ್ದೆ" ಎಂದೆ.

"ಒಳ್ಳೇದಾಯ್ತು ಮಾವ. ನನಗೆ ಅದೊಂದೇ ಯೋಚ್ನೆ ಇತ್ತು" ಎಂದಳು. ಅವಳ ದನಿಯಲ್ಲಿ ನೆಮ್ಮದಿ ಇತ್ತು. ನನ್ನಿಂದ ಈ ಮನೆಯಲ್ಲಿ ಒಬ್ಬರಿಗೆ ನೆಮ್ಮದಿಯಾಗಿದ್ದು ಅದೇ ಮೊದಲು. ನಾನು ಆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ.

ಮೂರನೆಯ ದಿನ ಬೆಳಿಗ್ಗೆ ಚೀಲ ಎತ್ತಿದರೆ ನೀಲಿ ಹಕ್ಕಿ ಪಂಜರದ ತಳದಲ್ಲಿ ಅಂಗಾತ ಬಿದ್ದಿತ್ತು. ಕಾಲು ಮಡಚಿಕೊಂಡಿತ್ತು. ಉಳಿದ ಮೂರು ಒಂದೇ ಕಡ್ಡಿಯ ಮೇಲೆ ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದವು. ಸಂಜೆ ಅವಳು ಬರುತ್ತಾಳೆ. ಬೇರೆ ದಾರಿ ಕಾಣದೆ ಕಾಂಪೌಂಡಿಗೆ ಹೋಗಿ, ನಾನೇ, ಲಕ್ಕಣ್ಣನನ್ನು ಕರೆದೆ.

ಅವನು ಬಂದ. ಸತ್ತ ಹಕ್ಕಿಯನ್ನು ನೋಡಿ ಚ್ಚು ಎಂದ. ಬಟ್ಟಲನ್ನು ಹೊರಗೆ ತೆಗೆದ. ಮುಖದ ಹತ್ತಿರ ಹಿಡಿದು ಉಫ್ ಎಂದು ಊದಿದ. ಬಟ್ಟಲಿನಲ್ಲಿದ್ದದ್ದೆಲ್ಲ ಹಾರಿ ನನ್ನ ಮುಖಕ್ಕೆ, ಅಂಗಿಗೆ ಮೆತ್ತಿಕೊಂಡಿತು. ತಳದಲ್ಲಿ ಐದಾರು ಕಾಳು ಉಳಿದವು.

"ಬರೀ ಹೊಟ್ಟು ಅಣ್ಣ" ಎಂದ. "ಇವು ಕಾಳು ಬಿಡಿಸ್ಕಂಡು ತಿಂದು ಸಿಪ್ಪೆ ಅಲ್ಲೇ ಬಿಡ್ತಾವೆ. ಮೇಲಿಂದ ನೋಡಿದ್ರೆ ತುಂಬಿದಂಗೇ ಕಾಣುತ್ತೆ. ಊದಿ ಹೊಸದು ಹಾಕ್ಬೇಕು."

ನಲವತ್ತೈದು ಸುಗ್ಗಿ ಕಣದಲ್ಲಿ ನಿಂತು ತೂರಿದವನು ನಾನು. ಗಾಳಿ ಬಂದ ದಿಕ್ಕು ನೋಡಿ ಹೊಟ್ಟು ಎಲ್ಲಿ ಬೀಳುತ್ತದೆ, ಕಾಳು ಎಲ್ಲಿ ಬೀಳುತ್ತದೆ ಎಂದು ಗೆರೆ ಎಳೆದು ತೋರಿಸುತ್ತಿದ್ದವನು. ಆ ನನಗೆ ಟಿಕೆಟ್ ಹರಿಯುವವನೊಬ್ಬ ಹೊಟ್ಟು ಎಂದರೇನೆಂದು ಹೇಳಿಕೊಟ್ಟ. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಬಂದದ್ದು ನಾಚಿಕೆ.

ಡಬ್ಬಿಯಿಂದ ನವಣೆ ತಂದು ಸುರಿದೆ. ಮೂರೂ ಒಂದರ ಮೇಲೊಂದು ಬಿದ್ದು ತಿನ್ನತೊಡಗಿದವು. ಕಟಕಟ ಎಂಬ ಆ ಸಣ್ಣ ಸದ್ದನ್ನು ನನ್ನಿಂದ ಕೇಳಲಾಗಲಿಲ್ಲ. ಎರಡು ದಿನ ನಾನು ತಂಪು ಎಂದುಕೊಂಡದ್ದು ಹಸಿವು.

ಲಕ್ಕಣ್ಣ ತಗ್ಗಿದ ದನಿಯಲ್ಲಿ, "ಬಸ್‌ಸ್ಟ್ಯಾಂಡ್ ಹತ್ರ ಅಂಗಡೀಲಿ ಇಂಥದೇ ನೀಲಿ ಇದೆ. ತಂದು ಬಿಟ್ರೆ ಯಾರಿಗೂ ಗೊತ್ತಾಗಲ್ಲ" ಎಂದ.

"ಇದೇನು ಬ್ಲಾಕ್ ಟಿಕೆಟ್ ಏನೋ?" ಎಂದು ಗದರಿದೆ. ಅಷ್ಟರಮಟ್ಟಿಗೆ ನನ್ನಲ್ಲಿ ಮರ್ಯಾದೆ ಉಳಿದಿತ್ತು. ಒಂದು ಸುಳ್ಳು ಹೇಳಿ ಆಗಿತ್ತು, ಎರಡನೆಯದು ಬೇಡ. ದಾಸವಾಳದ ಗಿಡದ ಬುಡದಲ್ಲಿ ಗುಂಡಿ ತೋಡಿ ಹಕ್ಕಿಯನ್ನು ಮಣ್ಣು ಮಾಡಿದೆ.

ಸಂಜೆ ಅವರು ಬಂದರು. ತನುಜಾ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ.

"ನೀಲಿದು ಹೋಯ್ತು ಕಣಮ್ಮ. ಬಟ್ಲಲ್ಲಿ ಬರೀ ಹೊಟ್ಟಿತ್ತು, ನಾನು ನೋಡ್ಲಿಲ್ಲ. ಊದ್ದೆ ಅಂತ ನಿಂಗೆ ಸುಳ್ಳು ಹೇಳ್ದೆ. ನಾನೇ ಕೊಂದೆ."

ಅವಳು ಪಂಜರದ ಹತ್ತಿರ ಹೋಗಿ ನಿಂತಳು. ಕಣ್ಣು ತುಂಬಿತ್ತು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿ ಎಂದು ಕಾದೆ.

"ಬಿಸಿಲು ಜಾಸ್ತಿ ಮಾವ" ಎಂದಳು ಕೊನೆಗೆ. "ನಿಮ್ದೇನೂ ತಪ್ಪಿಲ್ಲ ಬಿಡಿ. ನೀವು ಹೋಗಿ ಕೂತ್ಕೊಳ್ಳಿ, ಕಾಫಿ ತರ್ತೀನಿ."

ನಾನು ಹೊಲದಲ್ಲಿ ಆಳುಗಳನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಬೈಸಿಕೊಂಡವನನ್ನು ಮಾರನೆಯ ದಿನವೂ ಕರೆಯುತ್ತಿದ್ದೆ. ಇನ್ನು ಈತನಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನವಾದವನಿಗೆ ಮಾತ್ರ ಮೆತ್ತಗೆ, "ಆಯ್ತು ಬಿಡಪ್ಪ, ಬಿಸಿಲು, ಮನೆಗೆ ಹೋಗು" ಎನ್ನುತ್ತಿದ್ದೆ. ಸೊಸೆಯ ದನಿ ಅದೇ ದನಿ.

ಮೇ ತಿಂಗಳಲ್ಲಿ ತಾಯಿಯ ಕಣ್ಣು ತೋರಿಸಲು ಅವರು ಮತ್ತೆ ತರೀಕೆರೆಗೆ ಹೊರಟರು. ಈ ಸಲ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಅಡುಗೆಮನೆ ಬಾಗಿಲಿಗೆ ಹೋಗಲಿಲ್ಲ. ವಿಜಯ್ ಪಂಜರವನ್ನು ಹೊತ್ತು ಲಕ್ಕಣ್ಣನ ಮನೆಯಲ್ಲಿ ಇಟ್ಟುಬಂದ. ತನುಜಾ ಕಾಂಪೌಂಡಿನ ಹತ್ತಿರ ನಿಂತು ಲಕ್ಕಣ್ಣನಿಗೆ ಎಲ್ಲ ಹೇಳಿದಳು. ನೀರು, ಸೌತೆಕಾಯಿ, ಸ್ನಾನದ ತಟ್ಟೆ. ಅವನು ಒಂದೊಂದಕ್ಕೂ ಹೂಂ ಎಂದ, ಪಾಠದ ಹಾಗೆ ತಿರುಗಿ ಒಪ್ಪಿಸಿದ. ಆಮೇಲೆ ಅವಳು ಇನ್ನೂ ಏನೋ ಹೇಳಿದಳು. ವರಾಂಡದಲ್ಲಿದ್ದ ನನಗೆ ಅದು ಕೇಳಿಸಲಿಲ್ಲ.

ಹನ್ನೊಂದು ಗಂಟೆಗೆ ಲಕ್ಕಣ್ಣ ಒಂದು ದೊಡ್ಡ ಲೋಟ ಮಜ್ಜಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದ.

"ಏನೋ ಇದು?"

"ತನುಜಮ್ಮ ಹೇಳೋಗವ್ರೆ ಅಣ್ಣ. ಬಿಸಿಲು ಏರೋಕ್ ಮುಂಚೆ ನಿಮ್ಮನ್ನ ಒಳಗೆ ಕೂರಿಸ್ಬೇಕಂತೆ, ಮಜ್ಜಿಗೆ ಕೊಡ್ಬೇಕಂತೆ. ಕುಡಿದೆ ಅಂದ್ರೆ ನಂಬಬೇಡಿ, ಲೋಟ ನೋಡ್ಕಂಡು ಬನ್ನಿ ಅಂದ್ರು."

ಅವನು ಹಲ್ಲು ಬಿಡಲಿಲ್ಲ. ಎದುರಿಗೇ ನಿಂತಿದ್ದ, ಅವನಿಗೆ ಅವಸರವಿರಲಿಲ್ಲ. ನಾನು ಕುಡಿದೆ. ಲೋಟವನ್ನು ಬಗ್ಗಿಸಿ ಅವನಿಗೆ ತೋರಿಸಿದೆ.